ಮೊದಲ ನೀರಿನ ಬಣ್ಣ

ಕಳೆದ ತಿಂಗಳು ಚನ್ನಗಿರಿ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ದೋಸೆ ತಿಂದು ಕೈ ತೊಳೆಯಲು ಹಿಂದುಗಡೆ ಹೋದೆ. ತೊಳೆಯಲಿಟ್ಟ ಪಾತ್ರೆಗಳ ರಾಶಿಯ ಮೇಲೆ ಒಂದು ಬಿಳಿ ಪಿಂಗಾಣಿ ತಟ್ಟೆ ಇತ್ತು. ಅದರಲ್ಲಿ ಒಂದಿಷ್ಟು ನೀರು, ನೀರಿನ ಮೇಲೆ ಎಣ್ಣೆಯ ತೆಳ್ಳನೆಯ ಪದರ. ಬಿಸಿಲು ಬಿದ್ದ ಕಡೆ ನೇರಳೆ, ಹಸಿರು, ಹಳದಿ ಮೆಲ್ಲಗೆ ಸುತ್ತುತ್ತಿದ್ದವು. ನಲ್ಲಿ ತಿರುಗಿಸಿದವನು ಕೈಯೊಡ್ಡುವುದನ್ನು ಮರೆತು ಅದನ್ನೇ ನೋಡುತ್ತ ನಿಂತುಬಿಟ್ಟೆ. ಹಿಂದೆ ನಿಂತಿದ್ದವರೊಬ್ಬರು, "ಏನ್ರೀ, ಕೈ ತೊಳಿತೀರೋ ಇಲ್ಲ ತಟ್ಟೆಯಾಗೆ ಭವಿಷ್ಯ ನೋಡ್ತೀರೋ?" ಎಂದರು. ಬೇರೆ ದಿನವಾಗಿದ್ದರೆ ಅವರ ದನಿಯಲ್ಲೇ ಅವರಿಗೆ ಉತ್ತರ ಕೊಟ್ಟು ಇಡೀ ಹೋಟೆಲನ್ನೇ ನಗಿಸುತ್ತಿದ್ದೆ. ಅವತ್ತು ನಲ್ಲಿ ಬಂದ್ ಮಾಡಿ ಪಕ್ಕಕ್ಕೆ ಸರಿದೆ. ಕಿವಿಯಲ್ಲಿ ಒಂದೇ ಮಾತು... "ಬಣ್ಣ ಐತಾ ನೋಡಪ್ಪ."

ಬೇರೆಯವರ ದನಿ ಮಾಡುವುದು ನನಗೆ ಹುಟ್ಟಿನಿಂದ ಅಂಟಿದ ಚಟ. ನಮ್ಮ ನಲ್ಲೂರಿನಲ್ಲಿ ಬಸ್ ಕಂಡಕ್ಟರು, ಗಣಿತದ ಮೇಷ್ಟ್ರು, ಡೈರಿ ಸೆಕ್ರೆಟರಿ, ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ಹೆಣ್ಣು ನೋಡಲು ಹೋದಾಗಿನ ನನ್ನನ್ನೂ ನಾನೇ ಅಣಕಿಸಿ ತೋರಿಸಿದ್ದೇನೆ. ಅದು ಎಲ್ಲಕ್ಕಿಂತ ಸುಲಭ, ಬರೀ ಬೆವರಿದರೆ ಸಾಕು. ಮೂರು ವರ್ಷದ ಬಿ.ಎಸ್ಸಿ.ಯನ್ನು ಐದು ವರ್ಷ ಆರಾಮಾಗಿ ಓದಿ ಮುಗಿಸಿದ ಮೇಲೆ, ಹೊನ್ನಾಳಿಯಿಂದ ಗೋವಿನಕೋವಿ ಕಡೆಗೆ ಹೋಗುವ ರಸ್ತೆಯ ಪಕ್ಕದ ಒಂದು ತೌಡೆಣ್ಣೆ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಅಕ್ಕಿ ಗಿರಣಿಗಳಿಂದ ಬರುವ ತೌಡಿನಿಂದ ಎಣ್ಣೆ ತೆಗೆಯುವ ಜಾಗ. ನನಗೆ ಲ್ಯಾಬ್ ಎಂಬ ಒಂದು ಕೋಣೆ, ನಾಲ್ಕು ಗಾಜಿನ ಕೊಳವೆ, ಒಂದು ಬಿಳಿ ಕೋಟು. ಆ ಕೋಟು ಹಾಕಿಕೊಂಡರೆ ದನದ ಆಸ್ಪತ್ರೆಯ ಕಾಂಪೌಂಡರ್ ಥರ ಕಾಣುತ್ತಿದ್ದೆ.

ಅಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ನ್ಯಾಮತಿಯವರು. ಬೆಳಗಿನ ಬಸ್ಸಿಗೆ ಬಂದು, ಅಂಗಿಯ ತೋಳಿನ ಗುಂಡಿ ಹಾಕಿಕೊಂಡು, ಭತ್ತದ ಹೊಟ್ಟಿನ ಬೆಂಕಿಯ ಮುಂದೆ ನಿಂತರೆ ಸಂಜೆಯವರೆಗೂ ಆ ಗುಂಡಿ ಬಿಚ್ಚಿದವರಲ್ಲ. ಅವರ ಮುಖ್ಯ ಕೆಲಸ ಎಣ್ಣೆ ಕಾಯಿಸುವುದು. ಕಾಯಿಸುವುದು ಎಂದರೆ ಒಲೆ ಮೇಲಿಟ್ಟು ಕಾಯಿಸುವುದಲ್ಲ. ಹಸಿ ತೌಡೆಣ್ಣೆಯಲ್ಲಿ ಮೇಣದ ಅಂಶ ಜಾಸ್ತಿ. ಚಳಿಗಾಲದ ಬೆಳಿಗ್ಗೆ ಟ್ಯಾಂಕಿನೊಳಗೆ ಅದು ಹೆಪ್ಪುಗಟ್ಟಿದ ತುಪ್ಪದಂತೆ ಕೂತಿರುತ್ತದೆ, ಪಂಪು ಎಳೆದರೂ ಬರುವುದಿಲ್ಲ. ಅದಕ್ಕಾಗಿ ಟ್ಯಾಂಕಿನ ತಳದಲ್ಲಿ ಜಿಲೇಬಿಯ ಹಾಗೆ ಸುತ್ತಿದ ಕಬ್ಬಿಣದ ಕೊಳವೆ ಇರುತ್ತದೆ. ನಾವು ಕಾಯಿಲ್ ಎನ್ನುತ್ತಿದ್ದೆವು. ಬಾಯ್ಲರಿನ ಹಬೆ ಆ ಕೊಳವೆಯೊಳಗೆ ಸುತ್ತಾಡಿ, ತನ್ನ ಬಿಸಿಯನ್ನು ಎಣ್ಣೆಗೆ ಕೊಟ್ಟು, ತಾನು ನೀರಾಗಿ ಇನ್ನೊಂದು ತುದಿಯಿಂದ ಹೊರಗೆ ಬರುತ್ತದೆ. ಹಬೆಗೂ ಎಣ್ಣೆಗೂ ನಡುವೆ ಬೆರಳಿನಷ್ಟೂ ದಪ್ಪವಿಲ್ಲದ ಕಬ್ಬಿಣ. ಅವೆರಡೂ ಒಂದನ್ನೊಂದು ಮುಟ್ಟಬಾರದು. ಮುಟ್ಟಿದರೆ ಎಣ್ಣೆ ಹಾಲಿನ ಹಾಗೆ ಉಕ್ಕುತ್ತದೆ. ವ್ಯತ್ಯಾಸ ಇಷ್ಟೇ, ಹಾಲು ಒಲೆ ಮೇಲೆ ಬೀಳುತ್ತದೆ, ಇದು ಮನುಷ್ಯರ ಮೇಲೆ.

ಹಾಗಾಗಿ ಚಾಚಾಗೆ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಹಬೆ ಬಿಡುವ ಮುಂಚೆ, ಕಾಯಿಲಿನಲ್ಲಿ ರಾತ್ರಿಯೆಲ್ಲ ನಿಂತಿದ್ದ ನೀರನ್ನು ಒಂದು ಬಿಳಿ ತಟ್ಟೆಗೆ ಹಿಡಿಯುತ್ತಿದ್ದರು. ಅದು ಮೊದಲ ನೀರು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಬಂದು, ಉಸಿರು ಬಿಗಿಹಿಡಿದು ನೋಡುವರು. ಕಾಯಿಲಿಗೆ ಸೂಜಿಮೊನೆಯಷ್ಟು ತೂತು ಬಿದ್ದಿದ್ದರೂ ಎಣ್ಣೆ ಒಳಗೆ ಜಿನುಗಿ ಆ ನೀರಿನ ಮೇಲೆ ಬಣ್ಣ ಕಟ್ಟುತ್ತದೆ. "ಬಣ್ಣ ಇಲ್ಲ" ಎಂದು ಜೋರಾಗಿ ಹೇಳಿ, ನೀರು ಚೆಲ್ಲಿ, ಬಿಸ್ಮಿಲ್ಲಾ ಎಂದು ವಾಲ್ವ್ ಅನ್ನು ಕಾಲು ಸುತ್ತು ತಿರುಗಿಸುವರು. ಯಾರಿರಲಿ ಇಲ್ಲದಿರಲಿ, ಆ "ಬಣ್ಣ ಇಲ್ಲ" ಜೋರಾಗಿಯೇ ಆಗಬೇಕು. ನಾನು ಅದನ್ನೂ ಅಣಕಿಸುತ್ತಿದ್ದೆ. ಊಟದ ಡಬ್ಬಿಯ ಸಾರನ್ನು ಬಿಸಿಲಿಗೆ ಹಿಡಿದು "ಬೇಳೆ ಇಲ್ಲ" ಎಂದರೆ ಎಲ್ಲರಿಗಿಂತ ಮುಂಚೆ ನಗುತ್ತಿದ್ದವರು ಚಾಚಾನೇ.

ನನ್ನ ಆಟಕ್ಕೆ ಗಿರಣಿಯಲ್ಲಿ ದೊಡ್ಡ ವಸ್ತು ಎಂದರೆ ಒಳಗಿನ ಫೋನು. ಆಫೀಸು, ಲ್ಯಾಬು, ಬಾಯ್ಲರ್ ಶೆಡ್ಡು, ಮೂರಕ್ಕೂ ಒಂದೊಂದು. ನಾನು ಲ್ಯಾಬಿನಿಂದ ಮಾಲೀಕರ ದನಿಯಲ್ಲಿ ಶೆಡ್ಡಿಗೆ ಫೋನ್ ಮಾಡಿ, "ಚಾಚಾ, ನಾಳೆಯಿಂದ ಬಾಯ್ಲರಿಗೆ ತುಪ್ಪ ಹಾಕ್ರಿ" ಎನ್ನುತ್ತಿದ್ದೆ. ಅವರು ಒಂದೇ ಏಟಿಗೆ ಹಿಡಿಯುತ್ತಿದ್ದರು. "ಏ ಕಳ್ಳ, ಇಡು ಫೋನು!" ಒಂದು ದಿನ ಚಹಾ ಕುಡಿಯುತ್ತ ಅವರೇ ಗುಟ್ಟು ಬಿಟ್ಟುಕೊಟ್ಟರು. "ನೋಡು ಮಗನೆ, ಮಾಲೀಕರು ಬಾಯಿ ಬಿಡಾಕೆ ಮುಂಚೆ ಗಂಟ್ಲು ಎರಡು ಸಲ ಸರಿ ಮಾಡ್ಕಂತಾರೆ. ನೀನು ಅದನ್ನ ನುಂಗಿಬಿಡ್ತೀಯ. ಅದಕ್ಕೇ ಸಿಕ್ ಬೀಳ್ತೀಯ." ನನಗೆ ದನಿ ಕಲಿಸಿದ ಗುರು ಅಂತ ಯಾರಾದರೂ ಇದ್ದರೆ ಅವರೊಬ್ಬರೇ.

ಅವತ್ತು ಬೆಳಿಗ್ಗೆ ಚಳಿ ಇತ್ತು. ಟ್ಯಾಂಕರು ಬಂದು ನಿಂತಿತ್ತು. ಅದರ ಚಾಲಕ ಜಗಳೂರಿನವನು, ನನ್ನ ಆಟಗಳಿಗೆ ಕಾಯಂ ಪ್ರೇಕ್ಷಕ. ಎಣ್ಣೆ ಕರಗಿ ಲೋಡ್ ಆಗುವವರೆಗೂ ಲ್ಯಾಬಿನ ಬೆಂಚಿನ ಮೇಲೆ ಕೂತು ನಗುವುದೇ ಅವನ ಕೆಲಸ. ಅವನು ಹೊರಗೆ ಟೈರಿಗೆ ಗಾಳಿ ನೋಡುತ್ತಿದ್ದಾಗ ಚಾಚಾ ಬಿಳಿ ತಟ್ಟೆ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಮೊದಲ ನೀರನ್ನು ಅವರು ಇನ್ನೊಬ್ಬರಿಗೆ ತೋರಿಸಿದ್ದು ಅದೇ ಮೊದಲು.

"ಬಣ್ಣ ಐತಾ ನೋಡಪ್ಪ."

ಇತ್ತು. ತಟ್ಟೆಯ ಅಂಚಿನಲ್ಲಿ, ನವಿಲುಗರಿಯ ಒಂದು ಎಳೆಯಷ್ಟು. ನಾನು ಕಂಡೆ. ಕಂಡು, ನಾಲಿಗೆ ತಡೆಯದೆ, "ನಂಗೇನೂ ಕಾಣಲ್ಲ ಚಾಚಾ. ನಿಮ್ ಕಣ್ಣಿಗೇ ಪೊರೆ ಬಂದಿರ್ಬೇಕು" ಎಂದೆ. ಅವರು ನಕ್ಕು, "ಹೋಗೋಲೇ" ಎಂದು ತಟ್ಟೆ ತೆಗೆದುಕೊಂಡು ಹೋದರು. ಇವತ್ತು ಹಬೆ ಬಿಡುವುದಿಲ್ಲ, ಕಾಯಿಲ್ ಬಿಚ್ಚಿ ನೋಡಬೇಕು, ಮಾಲೀಕರು ಬಂದಮೇಲೆ ಹೇಳುತ್ತೇನೆ ಎಂದೂ ಹೋಗುತ್ತಾ ಹೇಳಿದರು.

ಚಾಲಕ ಒಳಗೆ ಬಂದು ಕೂತ. "ಏನಣ್ಣ ಲೇಟು? ಸಂಜಿಗೆ ಊರು ಸೇರಾಕೆ ಬಿಡ್ತೀರೋ ಇಲ್ಲೋ?" ಎಂದ. ಅವನನ್ನು ನಗಿಸಬೇಕು, ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಫೋನ್ ಎತ್ತಿದೆ. ಗಂಟಲು ಎರಡು ಸಲ ಸರಿಮಾಡಿಕೊಂಡೆ.

"ಏನ್ರೀ ಚಾಚಾ, ಟ್ಯಾಂಕರ್ ನಿಂತು ಎಷ್ಟೊತ್ತಾತು? ಸ್ಟೀಮ್ ಬಿಡ್ರಿ."

"ಸರ್, ಮೊದಲ ನೀರಾಗೆ ಬಣ್ಣ ಐತೆ."

"ಅದನ್ನ ನಾಳೆ ನೋಡಾನ. ಇವತ್ತೊಂದಿನ ನಿಧಾನಕ್ಕೆ ಬಿಡ್ರಿ. ನಾನು ಹೇಳ್ತಿದೀನಲ್ಲ?"

ಬೈಗುಳಕ್ಕೆ ಕಾಯುತ್ತಿದ್ದೆ. ಚಾಲಕ ಬಾಯಿಗೆ ಟವೆಲ್ ಒತ್ತಿಕೊಂಡು ಕುಲುಕುತ್ತಿದ್ದ. ಆ ಕಡೆ ಒಂದು ಗಳಿಗೆ ಹೊಟ್ಟು ಉರಿಯುವ ಸದ್ದು ಮಾತ್ರ...

"ಆಯ್ತು ಸರ್."

ಫೋನ್ ಇಟ್ಟೆ. "ನೋಡಿದ್ಯಾ, ಚಾಚಾನೂ ನಾಟಕ ಕಲಿತುಬಿಟ್ರು" ಎಂದೆ ಚಾಲಕನಿಗೆ. ಅವರು ನನಗೇ ತಿರುಗುಬಾಣ ಬಿಟ್ಟಿದ್ದಾರೆ ಎಂದುಕೊಂಡಿದ್ದೆ, ದೇವರಾಣೆ. ಅವತ್ತು ನನ್ನ ದನಿಯಲ್ಲಿ ಒಂದು ತಪ್ಪೂ ಇರಲಿಲ್ಲ ಎಂಬುದು ಹೊಳೆದದ್ದು ಕಾಯಿಲಿನೊಳಗಿಂದ ಟಣ್, ಟಣ್, ಟಣ್ ಎಂಬ ಹೊಡೆತ ಕೇಳಿದಾಗ. ಹೊರಗೆ ಓಡಿದೆ. ಚಾಚಾ ಕಾಲು ಸುತ್ತು ಬಿಟ್ಟು, ಆ ಸದ್ದಿಗೆ ತಕ್ಷಣ ವಾಲ್ವ್ ಬಂದ್ ಮಾಡಿ, ಒಳಗೆ ಏನಾಗಿದೆ ನೋಡಲು ಏಣಿ ಹತ್ತಿ ಟ್ಯಾಂಕಿನ ಬಾಯಿಯ ಹತ್ತಿರ ನಿಂತಿದ್ದರು. "ಚಾಚಾ, ಇಳೀರಿ!" ಎಂದು ಕೂಗಿದೆ. ಅವರು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಎಣ್ಣೆ ಉಕ್ಕಿತು...

ಬಲಗೈ, ಭುಜ, ಕುತ್ತಿಗೆಯ ಒಂದು ಪಕ್ಕ. ಕೆಳಗಿಳಿಸಿ, ಗೋಣಿಚೀಲದ ಮೇಲೆ ಮಲಗಿಸಿ, ನೀರು ಸುರಿದೆವು. ಆಫೀಸಿನಿಂದ ಮಾಲೀಕರು ಓಡಿಬಂದರು. "ಬಣ್ಣ ನೋಡ್ದೆ ಯಾಕೆ ಬಿಟ್ರಿ ಚಾಚಾ?"

"ನೀವೇ ಅಲ್ವಾ ಸರ್ ಫೋನಾಗೆ..."

"ನಾನಾ? ನಾನು ಈಗಷ್ಟೇ ಬಂದೆ. ಫೋನೇ ಮುಟ್ಟಿಲ್ಲ."

ಚಾಚಾನ ಕಣ್ಣು ಗುಂಪಿನಲ್ಲಿ ಹುಡುಕುವ ಗೋಜಿಗೇ ಹೋಗಲಿಲ್ಲ, ನೇರ ನನ್ನ ಮೇಲೆ ಬಂದು ನಿಂತಿತು. ನಾನು ಬಾಯಿ ತೆರೆಯಬೇಕಿತ್ತು. ಇಡೀ ತಾಲ್ಲೂಕಿನ ದನಿಗಳು ತುಂಬಿದ್ದ ನನ್ನ ಗಂಟಲಿನಲ್ಲಿ ನನ್ನದು ಅಂತ ಒಂದು ದನಿ ಸಿಗಲಿಲ್ಲ.

"ಇಲ್ಲ ಸರ್," ಎಂದರು ಚಾಚಾ. "ಉರಿಗೆ ಏನೇನೋ ಮಾತಾಡ್ದೆ. ನಾನೇ ಬಿಟ್ಟೆ. ಬಣ್ಣ ಕಾಣಿಸ್ಲಿಲ್ಲ. ಕಣ್ಣಿಗೆ ಪೊರೆ ಬಂದಿರ್ಬೇಕು."

ಆಸ್ಪತ್ರೆಯಲ್ಲಿ ಒಂದೇ ಸಲ ಅವರ ಹತ್ತಿರ ಒಬ್ಬನೇ ಕೂತಿದ್ದೆ. ಅವರು ಸೀಲಿಂಗ್ ನೋಡುತ್ತ, "ಮಾಲೀಕರ ದನಿ ಪಸಂದಾಗಿ ಮಾಡ್ದೆ ಮಗನೆ. ನಾನೂ ಹಿಡೀಲಿಲ್ಲ ನೋಡು" ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ನಾಳೆನೇ ಹೋಗಿ ಎಲ್ಲಾ ಹೇಳ್ತೀನಿ ಚಾಚಾ" ಎಂದೆ. "ನಿನ್ನಿಷ್ಟ," ಎಂದರು, "ಅದನ್ನ ನಾನು ಹೇಳಲ್ಲ. ನೀನು ಹೇಳಿದ್ರೆ ಬ್ಯಾಡ ಅನ್ನಲ್ಲ."

ನಾಳೆ ಬಂತು. ನಾಡಿದ್ದೂ ಬಂತು. ನಾನು ಹೇಳಲಿಲ್ಲ.

ಮಾಲೀಕರು ಕೆಟ್ಟವರಲ್ಲ. ಕಣ್ಣು ಕೈಕೊಟ್ಟ ಮೇಲೆ ಬಾಯ್ಲರಿನ ಹತ್ತಿರ ಬೇಡ, ಮನೆಯಲ್ಲಿ ಆರಾಮಾಗಿರಿ ಎಂದು ಹಾರ ಹಾಕಿ ಕಳಿಸಿಕೊಟ್ಟರು. ಇಪ್ಪತ್ತೆಂಟು ವರ್ಷ ಮೊದಲ ನೀರು ನೋಡಿದ್ದ ಮನುಷ್ಯ ಕಣ್ಣು ಕಾಣದವರು ಎನಿಸಿಕೊಂಡು ಗೇಟು ದಾಟಿದರು. ಆ ಹಾರ ಹಿಡಿದುಕೊಂಡು ಬಸ್ಸಿನವರೆಗೂ ಹೋಗಿದ್ದು ನಾನೇ. ಆಮೇಲೆ ಜಗಳೂರಿನ ಚಾಲಕ ಲೋಡಿಗೆ ಬಂದಾಗಲೆಲ್ಲ, ನಗದೆ, "ಹೇಳಿದ್ಯಾ?" ಎನ್ನುತ್ತಿದ್ದ. ಮೂರನೆಯ ಸಲ ಅವನ ದನಿಯಲ್ಲೇ "ಹೇಳಿದ್ಯಾ?" ಎಂದು ಅಣಕಿಸಿದೆ. ಅವನು ಎದ್ದು ಹೋಗಿ ಕ್ಯಾಬಿನ್ನಿನಲ್ಲಿ ಕೂತ. ಮತ್ತೆ ಲ್ಯಾಬಿನ ಬೆಂಚಿಗೆ ಬರಲಿಲ್ಲ.

ಆ ಕೆಲಸ ಬಿಟ್ಟು ಈಗ ಚನ್ನಗಿರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತೇನೆ. ನನ್ನ ಫೋನು ರಿಂಗಾದಾಗಲೆಲ್ಲ, ಎತ್ತಿ ಕಿವಿಗಿಡುವ ಆ ಅರೆಗಳಿಗೆಯಲ್ಲಿ, ಆ ಕಡೆಯಿಂದ ಯಾರೋ ಹೊಟ್ಟಿನ ಬೆಂಕಿಯ ಮುಂದೆ ನಿಂತು "ಆಯ್ತು ಸರ್" ಎನ್ನುತ್ತಾರೆ. ಇದು ಭ್ರಮೆ ಎಂದು ನನಗೆ ಗೊತ್ತು. ಗೊತ್ತಿದ್ದರೂ ಮೊದಲು "ಚಾಚಾ?" ಎಂದೇ ಬಾಯಿಗೆ ಬರುತ್ತದೆ. ಸಾಲದ ಕಂಪನಿಯ ಹುಡುಗಿಯೊಬ್ಬಳು ಹಾಗೆ ಕರೆಸಿಕೊಂಡು, "ಸರ್, ನಾನು ಲೇಡಿ" ಎಂದದ್ದೂ ಉಂಟು.

ಹೋಟೆಲಿನ ತಟ್ಟೆ ಕಂಡ ಮಾರನೆಯ ದಿನ ನ್ಯಾಮತಿಗೆ ಹೋದೆ. ತಡವಾಗಿತ್ತು... ಚಾಚಾ ತೀರಿಕೊಂಡು ವರ್ಷವಾಗಿತ್ತಂತೆ. ಅವರ ಹೆಂಡತಿ ಚಾಚಿ ಮನೆಯ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಗಿರಣಿಯ ಲ್ಯಾಬಿನವನು ಎಂದೆ. "ಓ, ಎಲ್ಲಾರ ದನಿ ಮಾಡೋನು! ನಿನ್ನ ಸುದ್ದಿ ಹೇಳಿ ಹೇಳಿ ನಗೋರು ಕಣಪ್ಪ" ಎಂದು ಜಾಗ ಕೊಟ್ಟರು. ನಾನು ಕೂರಲಿಲ್ಲ. ನಿಂತೇ ಎಲ್ಲಾ ಹೇಳಿದೆ. ಫೋನು, ಮಾಲೀಕರ ದನಿ, ತಟ್ಟೆಯ ಬಣ್ಣ. "ಚಾಚಾನ ಕಣ್ಣು ಸರಿಯಾಗಿತ್ತು ಚಾಚಿ. ನನಗಿಂತ ಮುಂಚೆ ಬಣ್ಣ ಕಂಡಿದ್ದು ಅವರೇ."

"ಸುಳ್ಳು," ಎಂದರು ಚಾಚಿ. "ಕಣ್ಣು ಕಾಣೋರು ಹಂಗಿರ್ತಾರಾ? ರಸ್ತೆ ದಾಟಾಕೆ ನನ್ ಕೈ ಹಿಡ್ಕಳೋರು. ಅನ್ನದಾಗೆ ಕಲ್ಲೈತಾ ನೋಡು ಅಂತ ನನ್ ಕೇಳೋರು." ಬೆಳ್ಳುಳ್ಳಿ ಬಿಡಿಸುತ್ತಿದ್ದ ಬೆರಳು ನಿಧಾನವಾಯಿತು. "ಕಣ್ಣಿನ ಡಾಕ್ಟ್ರ ತಾವ ಹೋಗಾನ ಬರ್ರಿ ಅಂದ್ರೆ ಮಾತ್ರ ಬರ್ತಾನೇ ಇರ್ಲಿಲ್ಲ. ನಾಕು ಸಲ ಕರ್ದೆ. ಏನಾದ್ರೂ ನೆಪ..."

ಅಲ್ಲಿಗೆ ಇಬ್ಬರಿಗೂ ಅರ್ಥವಾಯಿತು. ನಿಜ ತಿಳಿದರೆ ಚಾಚಿ ನ್ಯಾಯ ಕೇಳಲು ಗಿರಣಿಯ ಗೇಟಿಗೆ ಬಂದು ನಿಲ್ಲುತ್ತಿದ್ದರು, ನನ್ನ ಹೆಸರು ಹೊರಗೆ ಬರುತ್ತಿತ್ತು. ಅದನ್ನು ಬಲ್ಲ ಚಾಚಾ ಸ್ವಂತ ಮನೆಯಲ್ಲಿ, ಸಾಯುವ ತನಕ, ಕಣ್ಣು ಕಾಣದವರ ಪಾತ್ರ ಹಾಕಿದ್ದರು. ಒಂದು ದಿನವೂ ಸಿಕ್ಕಿಬೀಳದೆ. ನನ್ನ ಬಾಯಿಗಾಗಿ ಕಾಯುತ್ತ ಹಾಕಿದ್ದರೋ, ಕಾಯುವುದನ್ನು ಯಾವಾಗಲೋ ಬಿಟ್ಟಿದ್ದರೋ, ಕೇಳಲು ಅವರಿಲ್ಲ.

"ನಮ್ಮ ಮೊಮ್ಮಗಳು ಒಂದ್ನೇ ಕ್ಲಾಸಿನಾಗೆ ಇದ್ದಾಗ, ದಾದಾನ ಹೆಸ್ರು ಬರ್ಕಂಡು ಓಡಿಬಂದ್ಲು," ಎಂದರು ಚಾಚಿ. "ಮೊದಲ್ನೇ ಸಲ ಬರ್ದಿದ್ದು. ಹಿಂಗೆ ಮುಖದ ಹತ್ರ ಹಿಡಿದ್ಲು. ಇವ್ರು ತುಂಬಾ ಹೊತ್ತು ಅದರ ಕಡಿಗೇ ಮುಖ ಮಾಡ್ಕಂಡು ಕೂತಿದ್ರು. ಆಮೇಲೆ 'ಕಾಣಲ್ಲ ಬೇಟಿ' ಅಂದ್ರು. ಹುಡ್ಗಿ ಅತ್ತಿದ್ದೇ ಅತ್ತಿದ್ದು. ಇವತ್ತಿಗೂ ಹೇಳ್ತಾಳೆ, ದಾದಾ ನನ್ನ ಅಕ್ಷರ ನೋಡ್ದೇನೇ ಹೋದ್ರು ಅಂತ."

ಚಾಚಿ ಸೆರಗಿನಿಂದ ಮುಖ ಒರೆಸಿಕೊಂಡು ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು.

"ನಾಕು ಗಂಟಿಗೆ ಸ್ಕೂಲ್ ಬಿಡ್ತೈತೆ," ಎಂದರು. "ನೋಡಿದ್ರು ಅಂತ ನೀನೇ ಹೇಳು ಅವಳಿಗೆ. ಯಾಕೆ ಕಾಣಲ್ಲ ಅಂದ್ರು, ಅದನ್ನೂ ಹೇಳು. ಕೂತ್ಕ."

ಒಳಗಿನ ಗಡಿಯಾರದಲ್ಲಿ ಆಗಿನ್ನೂ ಎರಡೂಕಾಲು. ಚಾಚಾ ಬದುಕಿದ್ದಷ್ಟು ದಿನ ಬಾರದಿದ್ದ ನಾನು ಅವರ ಮನೆಯ ಕಟ್ಟೆಯ ಮೇಲೆ ಕೂತೆ. ಚಾಚಿ ಅರ್ಧ ಬೆಳ್ಳುಳ್ಳಿಯನ್ನು ನನ್ನ ಮುಂದೆ ಸರಿಸಿದರು.