ಯಾದಿಯೊಳಗಿನ ಹೆಸರು

ಮೊನ್ನಿ ಮತದಾರರ ಯಾದಿ ತಿದ್ದಾಕ ಅಂತ ಒಬ್ಬ ತರುಣ ಮಾಸ್ತರ ನಮ್ಮ ಮನಿಗೆ ಬಂದಿದ್ದ. ಕಟ್ಟಿ ಮ್ಯಾಲ ಕುಂತು, ಚೀಲದಾಗಿಂದ ದೊಡ್ಡ ವಹಿ ತಗದು, ನನ್ನ ಸೊಸಿಗೆ "ನಿಮ್ಮ ಯಜಮಾನರ ಹೆಸರ ಹೇಳ್ರಿ ಅಕ್ಕಾರ" ಅಂದ. ಆಕಿ ಪಟ್ನ ಹೇಳಿದ್ಳು. ಹೇಳಿ ಒಳಗ ಹೋಗಿ ಚಾಕ್ಕ ಇಟ್ಟಳು. ಅವ ಬರಕೊಂಡ, ಚಾ ಕುಡದ, ಹೋದ. ಅಷ್ಟ ಆದದ್ದು. ನನಗ ಮಾತ್ರ ಅವತ್ತ ಊಟ ಸೇರಲಿಲ್ಲ.

ಯಾಕಂದ್ರ ನಾನೂ ಒಂದ ಕಾಲಕ್ಕ ಅಂಥಾ ವಹಿ ಹಿಡಕೊಂಡು ಓಣಿ ಓಣಿ ತಿರಗಿದಾವ. ಈ ಕತಿಯೊಳಗ ನಾ ಯಾರ ಹೆಸರೂ ಬರಿಯೂದಿಲ್ಲ. ಅದು ನಡದ ಊರಿಂದೂ ಇಲ್ಲ, ಮಂದೀದೂ ಇಲ್ಲ. ಹೆಸರ ಬರದು ಒಮ್ಮಿ ಮಾಡಿದ ಹೊಲಸ ಸಾಕಾಗೇತಿ ನನಗ.

ಆಗಿನ್ನೂ ಸಂಸ್ಥಾನದ ಆಳಿಕಿ. ತೇರದಾಳದಿಂದ ಬನಹಟ್ಟಿ ಕಡಿ ಹೋಗೂ ಹಾದಿಯೊಳಗ ಅಡ್ಡ ಹೊಳ್ಳಿದ್ರ ಬರೂ ಒಂದ ನೇಕಾರರ ಊರು ಅನ್ರಿ. ನಾ ಹೊಳಿದಂಡಿ ಕಡ್ಯಾಂವ, ಚಿಕ್ಕಪಡಸಲಗಿ ಬಾಜೂ. ಸಾಲಿ ಮಾಸ್ತರ ಅಂತ ಈ ಊರಿಗೆ ಬಂದಿದ್ದೆ. ನೌಕರಿ ಕಾಯಂ ಆಗಿರಲಿಲ್ಲ, ಹಂಗಾಮಿ. ಮದಿವಿ ಇಲ್ಲ, ಮನಿ ಇಲ್ಲ. ಮದಲನೇ ವರ್ಷ ಒಬ್ಬ ನೇಕಾರ ಹೆಣಮಗಳ ಮನ್ಯಾಗ ಊಟ ಗೊತ್ತ ಮಾಡಿಕೊಂಡಿದ್ದೆ. ಗಂಡ ತೀರಿಕೊಂಡು ಐದಾರು ವರ್ಷ ಆಗಿತ್ತು. ಒಬ್ಬಾಕಿ ಸಣ್ಣ ಮಗಳು, ಮನ್ಯಾಗ ಒಂದ ಮಗ್ಗ. ಎಲ್ಲಾರೂ ಆಕೀಗೆ ಕಾಕು, ಅಂದ್ರ ಚಿಗವ್ವ, ಅಂತಿದ್ರು, ನಾನೂ ಅಂದೆ. ಬಿಸಿ ಬಿಸಿ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಮ್ಯಾಲ ಶೇಂಗಾ ಹಿಂಡಿ. "ಇನ್ನೊಂದ ಹಾಕ್ಕೋರಿ ಮಾಸ್ತರ, ನಾಚಿದ್ರ ಹೊಟ್ಟಿ ತುಂಬತೈತೇನು?" ಅಂತ ಗದರಿಸಿ ನೀಡತಿದ್ಳು. ಮುಂದ ನಾ ಸಾಲಿ ಹಿಂದಿನ ಖೋಲಿಯೊಳಗ ಸ್ವಂತ ಒಲಿ ಹೂಡಿದೆ. ಖರೆ ಹೇಳಬೇಕಂದ್ರ, ಅಂಥಾ ರೊಟ್ಟಿ ಮತ್ತ ತಿನ್ನಲಿಲ್ಲ.

ಆ ಓಣಿಗೊಂದು ಬಾವಿ. ನಾ ಊಟಕ್ಕ ಹೋಗತಿದ್ದ ವರ್ಷ ಅದರ ನೀರು ಸಿಹಿ ಇತ್ತು. ಆಮ್ಯಾಲ ಓಣಿ ಮ್ಯಾಲಿನ ತುದಿಗೆ ಒಬ್ಬ ಸಾವಕಾರ ನೂಲಿಗೆ ಬಣ್ಣಾ ಹಾಕೂ ಭಟ್ಟಿ ಇಟ್ಟ. ಭಟ್ಟಿ ನೀರು ಗಟಾರಕ್ಕ ಬಿಟ್ಟ, ಗಟಾರ ಬಾವಿ ಮಗ್ಗಲಕ್ಕ ಹಾದು ಹೋಗತಿತ್ತು. ಒಂದ ಮಳಿಗಾಲ ಆಗೂದರೊಳಗ ಬಾವಿ ಕೆಟ್ಟಿತು. ಒಂದ ದಿನ ಕೆಂಪು, ಒಂದ ದಿನ ನೀಲಿ, ಯಾವಾಗ ನೋಡಿದ್ರೂ ಮ್ಯಾಲ ಎಣ್ಣಿ ಕೆನಿ. ಮೂಗು ಮುಚ್ಚಿಕೊಂಡು ಬಗ್ಗಿ ನೋಡಬೇಕು. ಕುಡಿಯೂ ನೀರಿಗೆ ಹೆಂಗಸೂರು ಊರ ಹೊರಗ ತ್ವಾಟದ ಬಾವಿಗೆ ಹೋಗಾಕ ಹತ್ತಿದ್ರು. ಬಳಕಿಗೆ ಮಾತ್ರ ಇದ. ಕಾಕುನ ಮಗಳ ಕೈತುಂಬ ಗುಳ್ಳಿ ಎದ್ದಿದ್ದವು. ಮುನಸಿಪಾಲ್ಟಿಯೊಳಗ ಆ ಓಣಿ ಮೆಂಬರ ಅಂದ್ರ ಅದ ಸಾವಕಾರ. ಯಾರಿಗೆ ಹೋಗಿ ಹೇಳತೀರಿ?

ಅಂಥಾದ್ರಾಗ ಚುನಾವಣಿ ಬಂತು. ಸಾವಕಾರನ ಎದುರಿಗೆ ಒಬ್ಬ ಔಷಧದ ಅಂಗಡ್ಯಾಂವ ನಿಂತ. ಆರಿಸಿ ಬಂದ್ರ ಗಟಾರದ ಮಾರಿ ಊರ ಹೊರಗಿನ ಹಳ್ಳದ ಕಡಿ ತಿರುಗಿಸ್ತೀನಿ ಅಂತ ಬಾವಿ ಕಟ್ಟಿ ಮ್ಯಾಲ ನಿಂತ ಹೇಳಿದ. ಓಣಿ ಹೆಂಗಸೂರಿಗೆ ಜೀವ ಬಂದಂಗ ಆತು.

ಆಗ ಈಗಿನಂಗ ಕಂಡಾವರಿಗೆಲ್ಲಾ ಓಟು ಇರಲಿಲ್ಲ. ಯಾರ ಹೆಸರಿಲೆ ಮನಿ ಐತಿ, ಯಾರು ಘರಪಟ್ಟಿ ಅಂದ್ರ ಮನಿ ಕರ ತುಂಬತಾರ, ಅವರಿಗಷ್ಟ. ಗಂಡ ಸತ್ತ ಮ್ಯಾಲ ಮನಿ ತಮ್ಮ ಹೆಸರಿಗೆ ಆಗಿದ್ದ ನಾಕೈದು ಹೆಣಮಕ್ಕಳು ಆ ಓಣಿಯೊಳಗಿದ್ರು. ಕಾಕು ಅವರೊಳಗ ಒಬ್ಬಾಕಿ. ಯಾದಿ ಬರಿಯೂದು ಮರಾಠಿಯೊಳಗ, ದರಬಾರದ ಭಾಷಾ ಅದು. ಹಂಗಾಗಿ ಮರಾಠಿ ಬರೂ ನಮ್ಮಂಥಾ ಮಾಸ್ತರಗೋಳನ್ನ ಹಿಡದು ಆ ಕೆಲಸಕ್ಕ ಹಚ್ಚಿದ್ರು. ಆ ಓಣಿ ನನ್ನ ಪಾಲಿಗೆ ಬಂತು.

ಕಾಕುನ ಬಾಗಲಕ್ಕ ಹೋದಾಗ ಆಕಿ ರಾಟಿ ಮುಂದ ಕುಂತು ನೂಲಿನ ಕಂಡಕಿ ಸುತ್ತಾಕತ್ತಿದ್ಳು. ಆಕೀ ಹೆಸರ ಬರಕೊಂಡು, "ಕಾಕಾನ ಹೆಸರ ಏನ್ರಿ?" ಅಂದೆ. ರಾಟಿ ನಿಲ್ಲಿಸಿ ನಕ್ಕಳು.

"ಅಯ್ಯ ಶಿವನ! ನಾ ಹ್ಯಾಂಗ ಹೇಳಲ್ರಿ ಮಾಸ್ತರ? ಬಾಜೂ ಮನಿ ಮುತ್ಯಾನ್ನ ಕೇಳ್ರಿ, ಹೇಳತಾನ."

ನಮ್ಮ ಕಡಿ ಗಂಡನ ಹೆಸರ ಹೆಂಡತಿ ಬಾಯಿಂದ ಬರೂದಿಲ್ಲ. ಮದಿವಿ, ಸೀಮಂತ ಇಂಥಾದರಾಗ ಮುತ್ತೈದ್ಯಾರು ಒಡಪಿನ ಪದದಾಗ ಸೇರಿಸಿ ಹೇಳತಾರ, ಅದೂ ನಾಕ ಮಂದಿ ಕಾಡಿಸಿದ ಮ್ಯಾಲ. ಗಂಡ ಸತ್ತಾಕಿಗೆ ಆ ಒಡಪೂ ಇಲ್ಲ. ಹೆಸರು ಒಳಗ ಉಳೀತು ಅಂದ್ರ ಉಳೀತು.

ನೀರು ತರತೀನಿ ಅಂತ ಆಕಿ ಒಳಗ ಹೋದ್ಳು. ಬಾಜೂ ಕಟ್ಟಿ ಮ್ಯಾಲ ಕುಂತಿದ್ದ ಮುತ್ಯಾನ್ನ ನಾ ಕೂಗಿ ಕೇಳಿದೆ. ಅವ ಕೂಗಿ ಹೇಳಿದ. ಬರಕೊಂಡೆ. ಓಣಿ ಮಂದಿ ಕರಿಯೂ ಹೆಸರ ಬ್ಯಾರೆ, ತೊಟ್ಟಲದಾಗ ಇಟ್ಟ ಹೆಸರ ಬ್ಯಾರೆ ಇರಬಹುದು ಅಂತ ಹೊಳೀಲಿಲ್ಲ. ನಮ್ಮೂರಾಗೂ ಮನಿಗೆ ಒಬ್ಬ ಹಂಗ ಇರತಾನ, ನನಗ ಗೊತ್ತಿಲ್ಲದ ಮಾತಲ್ಲ. ಮುನಸಿಪಾಲ್ಟಿ ವಹಿ ತಗದು ಹೋಲಿಸಿ ನೋಡಬೇಕಾಗಿತ್ತು. ಬಿಸಲಾಗ ತಿರಗಿ ಬ್ಯಾಸರಾಗಿತ್ತು, ನೋಡಲಿಲ್ಲ.

ಕಾಕು ತಂಬಗಿ ತಂದು ಮುಂದ ಹಿಡದು, "ಕುಡಿಬ್ಯಾಡ್ರಿ ಮತ್ತ, ತೋರಸಾಕ ತಂದೇನಿ. ಮೂಸಿ ನೋಡ್ರಿ" ಅಂದ್ಳು. ಬಾವಿ ನೀರು. ನೀಲಿ ಬಣ್ಣ, ಸತ್ತ ಇಲಿ ನಾತ. ನಾ ಮಾರಿ ತಿರುವಿದೆ. "ಇದಕ್ಕ ನಾ ಓಟ ಹಾಕೂದು. ಜನ್ಮಕ್ಕ ಚಾವಡಿ ಹೊಸ್ತಿಲಾ ತುಳದಾಕಿ ಅಲ್ಲ ನಾ. ಈ ಸಲ ಹೋಗಾಕಿನ. ಹೆಸರ ಬರೋಬ್ಬರಿ ಬರದ್ರಿ ಹೌದಲ್ರಿ?" ಅಂದ್ಳು. ಬರದೇನಿ ಕಾಕು, ಕಾಳಜಿ ಬ್ಯಾಡ ಅಂದೆ. ಆಮ್ಯಾಲ ಕುಡಿಯೂ ನೀರು, ಬೆಲ್ಲ ಕೊಟ್ಟಳು. ತಿಂದು ಬಂದೆ.

ಓಟಿನ ದಿನ ಚಾವಡಿಯೊಳಗ ಮೇಜ ಹಾಕಿದ್ರು. ಯಾದಿ ಓದಿ ಗುರ್ತ ಹಿಡಿಯೂ ಕೆಲಸ ನಂದ. ನನ್ನ ಹಿಂದ ಖುರ್ಚಿ ಮ್ಯಾಲ ಮ್ಯಾಲಿನವರು ಕಳಿಸಿದ್ದ ಒಬ್ಬ ಸಾಹೇಬ ಎಲಿ ಅಡಿಕಿ ಜಗೀಕೋಂತ ಕುಂತಿದ್ದ. ಒಳಗ ಎರಡು ಪೆಟಗಿ, ಓದು ಬಾರದವರಿಗೆ ತಿಳೀಲಿ ಅಂತ ಸಾವಕಾರಂದು ಕೆಂಪು, ಔಷಧದಂಗಡ್ಯಾಂವಂದು ಬಿಳಿ. ಮೇಜಿನ ಮಗ್ಗಲಕ್ಕ ಸಾವಕಾರನ ಏಜಂಟ ಅಂತ ಅವನ ಅಳಿಯ ನಿಂತಿದ್ದ. ಯಾರ ಮ್ಯಾಲ ಸಂಶೆ ಬಂದ್ರೂ ತಡಿಯೂ ಹಕ್ಕು ಅವಗ ಇತ್ತು. ಔಷಧದಂಗಡ್ಯಾಂವನ ಕಡಿಂದ ನಿಲ್ಲಾಕ ಯಾರಿಗೂ ಧೈರ್ಯ ಆಗಿರಲಿಲ್ಲ.

ಮುಂಜಾನಿ ನಡದ ಆಟಾ ಹೇಳಿದ್ರ ನಿಮಗೂ ವಾಂತಿ ಬರಬೇಕು. ಆ ಓಣ್ಯಾಗಿನ ಎಷ್ಟೋ ಗಂಡಸೂರು ಸೊಲ್ಲಾಪುರದ ಗಿರಣಿಗೆ ದುಡ್ಯಾಕ ಹೋಗಿದ್ರು. ಊರಾಗಿಲ್ಲದಾವ ಓಟ ಹಾಕಾಕ ಯಾವ ಹಾದೀನೂ ಕಾಯದೆಯೊಳಗ ಇರಲಿಲ್ಲ. ಆದ್ರ ಅವರೆಲ್ಲಾರೂ ಬಂದ್ರು! ಸೊಲ್ಲಾಪುರದಾಗಿದ್ದ ಕರೀ ಮನಶಾನ ಹೆಸರಿಲೆ ಸಾವಕಾರನ ಭಟ್ಟಿಯೊಳಗಿನ ಒಬ್ಬ ಕೆಂಪನ್ನಾಂವ ಬಂದು ಚೀಟಿ ಇಸಕೊಂಡ. ಉಗುರ ಸಂದಿಯೊಳಗ ಇನ್ನೂ ಬಣ್ಣ ಇತ್ತು. ಪ್ಲೇಗಿನಾಗ ಸತ್ತಾವನೂ ಒಬ್ಬ ಬಂದ ಹೋದ. ಹೆಸರ ಕೇಳಿದ ಕೂಡಲೇ ಎಲ್ಲಾರೂ ಬಾಯಿಪಾಠ ಮಾಡಿಕೊಂಡು ಬಂದಿದ್ದು ಒಪ್ಪಸ್ತಿದ್ರು. ಅಳಿಯ ಒಬ್ಬನ್ನೂ ತಡೀಲಿಲ್ಲ, ಮೀಸಿಯೊಳಗ ನಗತಿದ್ದ. ಸಾಹೇಬ ಜಗೀತಿದ್ದ. ನಾ ಗೊತ್ತಿದ್ದೂ ಗೊತ್ತಿದ್ದೂ ಹೆಸರಿನ ಮುಂದ ಗೀಟ ಎಳೀತಿದ್ದೆ. ಯಾಕಂದ್ರ ಸಾವಕಾರ ಸಾಲಿ ಕಮಿಟಿಯೊಳಗೂ ಇದ್ದ, ನನ್ನ ನೌಕರಿ ಕಾಯಂ ಮಾಡೂ ಕಾಗದ ಅವನ ಮುಂದ ಇತ್ತು.

ಮಧ್ಯಾಹ್ನದ ಹೊತ್ತಿಗೆ ಓಣಿ ಹೆಂಗಸೂರು ಬಂದ್ರು, ಸೆರಗ ತಲಿಮ್ಯಾಲ ಎಳಕೊಂಡು, ಒಬ್ಬರ ಬೆನ್ನಿಗೊಬ್ಬರು. ಅಳಿಯ ನೆಟ್ಟಗ ಆದ.

"ಗುರ್ತ ಖಾತ್ರಿ ಮಾಡಿ ಒಳಗ ಬಿಡ್ರಿ ಮಾಸ್ತರ. ಗಂಡನ ಹೆಸರ ಹೇಳಲಿ."

ಮದಲನೇ ಹೆಣಮಗಳು ನೆಲಾ ನೋಡಿ ನಿಂತಳು. ಹಿಂದಿದ್ದಾಕಿ ಆಕೀ ಪರವಾಗಿ ಹೇಳಾಕ ಬಾಯಿ ತಗದ್ಳು. ಅಳಿಯ ಕೈ ಎತ್ತಿದ. "ಊಂಹೂಂ. ಯಾರ ಓಟೋ ಅವರ ಬಾಯಿಂದ ಬರಬೇಕು." ಸಾಹೇಬ ಪಿಚಕ್ಕನ ಉಗುಳಿ, "ಕಾಯದೆ ಹಂಗ ಐತಿ" ಅಂದ. ಹೆಣಮಗಳು ಹೊಳ್ಳಿ ಹೋದ್ಳು. ಎರಡನೇದಾಕಿನೂ ಹೋದ್ಳು. ಹೊರಗ ನಿಂತ ಗಂಡಸೂರು ಕಿಸಿಕಿಸಿ ನಗಾಕತ್ತಿದ್ರು. ಏನ್ ಜಾಣತನ ನೋಡ್ರಿ ಅವಂದು! ತನ್ನ ಮನಿ ಹೆಂಗಸೂರ ಮರ್ಯಾದಿ ಏನಂತ ಗೊತ್ತಿತ್ತು, ಅದನ್ನ ಮೀನಿನ ಬಲಿಯಂಗ ಹಾಸಿದ್ದ.

ಮೂರನೇದಾಕಿ ಕಾಕು.

"ಗಂಡನ ಹೆಸರು?" ಅಂದೆ. ನಾನ ಅಂದೆ, ಅಳಿಯ ಅಲ್ಲ. ಎರಡು ಸಲ ಅವನ ಬಾಯಿಂದ ಕೇಳಿದ ಮ್ಯಾಲ ನನಗೂ ರೂಢಿ ಬಿದ್ದಿತ್ತು.

ಆಕಿ ನನ್ನ ಮಾರಿ ನೋಡಿದ್ಳು. ಅವನ ಮಾರಿ ನೋಡಿದ್ಳು. ಬಾಗಲದಾಗ ನಗೂ ಗಂಡಸೂರನ್ನ ನೋಡಿದ್ಳು. ತಲಿಮ್ಯಾಲಿನ ಸೆರಗ ಹಿಂದಕ್ಕ ಸರಿಸಿ, ತನ್ನ ಗಂಡನ ಹೆಸರ ಹೇಳಿದ್ಳು. ಸಣ್ಣ ದನಿಯೊಳಗಲ್ಲ, ಚಾವಡಿ ತುಂಬ ಕೇಳೂವಂಗ. ನಗಿ ಎಲ್ಲಾ ಒಮ್ಮಿಗೇ ನಿಂತಿತು. ಆಕಿ ಮಾರಿ ಎತ್ತಿ ನಿಂತಿದ್ಳು. ಕಾಕು, ಭೇಷ್ ಅಂತ ನನ್ನ ಎದಿ ಒದರಿತು. ಯಾದಿ ಮ್ಯಾಲ ಬೆರಳ ಇಟ್ಟೆ.

ಯಾದಿಯೊಳಗ ಇದ್ದದ್ದು ಬ್ಯಾರೆ ಹೆಸರು. ಮುತ್ಯಾ ಕೂಗಿ ಹೇಳಿದ್ದು, ನನ್ನ ಕೈಲೆ ನಾನ ಬರದದ್ದು.

"ಏನೈತ್ರಿ ಅದರಾಗ?" ಅಂತ ಅಳಿಯ ಬಗ್ಗಿದ. ಓದಿದ. ಓದಿ ಹೊರಗಿನವರಿಗೆ ಕೇಳೂವಂಗ ಅಂದ, "ಯಾದಿಯೊಳಗ ಒಬ್ಬ, ಬಾಯಾಗ ಒಬ್ಬ. ಎಷ್ಟ ಮಂದಿ ಗಂಡರವ್ವಾ ನಿನಗ?"

ಚಾವಡಿ ಅಂಬೂದು ಚಾವಡಿ ನಕ್ಕಿತು. ಥೂ, ಅವನ ಬಾಯಾಗ ಹುಳಾ ಬೀಳಲಿ. ಸಾಹೇಬನೂ ನಕ್ಕ.

ಕಾಕು ನನ್ನ ಕಡಿ ತಿರಗಿದ್ಳು. "ಮಾಸ್ತರ, ನೀವು ಹೇಳ್ರಿ. ನಿಮಗ ಗೊತ್ತೈತಿ."

ಗೊತ್ತಿತ್ತು. ಎರಡೂ ಹೆಸರು ಒಬ್ಬಾಂವಂದ ಅಂತ ಅಲ್ಲಿ ನಿಂತ ಅರ್ಧ ಮಂದಿಗೂ ಗೊತ್ತಿತ್ತು. "ಬರಿಯೂದ್ರಾಗ ನಂದ ತಪ್ಪಾಗೇತಿ ಸಾಹೇಬ್ರ, ಈಕಿ ಇದ ಮನಿಯಾಕಿ, ಈಕಿ ಕೈ ರೊಟ್ಟಿ ತಿಂದೇನಿ" ಅನ್ನಾಕ ಎಷ್ಟ ಹೊತ್ತ ಬೇಕು? ಅಳಿಯ ನನ್ನನ್ನ ನೋಡತಿದ್ದ. ಮುಂದಿನ ವಾರ ಸಾಲಿ ಕಮಿಟಿ ಕೂಡೂದಿತ್ತು.

"ಯಾದಿಯೊಳಗ ಇದ್ದದ್ದ ಖರೆ" ಅಂದೆ.

ಕಾಕು ಸೆರಗ ಮತ್ತ ತಲಿಮ್ಯಾಲ ಎಳಕೊಂಡು ಹೋದ್ಳು. ಉಳದ ಹೆಂಗಸೂರೂ ಆಕೀ ಹಿಂದ ಹೋದ್ರು. ನಾ ಮುಂದಿನ ಹೆಸರ ಕೂಗಿದೆ.

ಸಾವಕಾರ ಆರಿಸಿ ಬಂದ. ಹಲಗಿ ಬಡಿಸಿ, ಗುಲಾಲ ಹಾರಿಸಿ, ಅದ ಬಾವಿ ಮುಂದ ಹಾದ ಮೆರವಣಿಗಿ ತಗದ್ರು. ಆಕೀದೊಂದು ಓಟ ಬಿದ್ದಿದ್ರೂ ಏನೂ ಆಗತಿರಲಿಲ್ಲ ಅಂತ ನನ್ನನ್ನ ನಾನ ಸಮಾಧಾನ ಮಾಡಿಕೊಂಡೆ. ಎಂಥಾ ಸಮಾಧಾನ ಅದು! ಆ ವರ್ಷನ ನನ್ನ ನೌಕರಿ ಕಾಯಂ ಆತು. ಸಾವಕಾರ ಬೆನ್ನ ಚಪ್ಪರಿಸಿ "ಛಲೋ ಮಾಸ್ತರ ಅದೀರಿ" ಅಂದ. ಕೈ ಮುಗದೆ. ನೆನಿಸಿಕೊಂಡ್ರ ಈಗೂ ನನ್ನ ಕೈ ನನಗ ಹೇಸಿಗಿ ಅನಸ್ತಾವ.

ತಿಂಗಳೊಪ್ಪತ್ತು ಆ ಓಣಿ ಕಡಿ ಕಾಲಿಡಲಿಲ್ಲ. ಕಡೀಕ ಒಂದ ದಿನ ಸಂಜೀಕ ಮನಸ ಗಟ್ಟಿ ಮಾಡಿ ಹೋದೆ. ತಪ್ಪಾತು ಅನ್ನಬೇಕಂತ ಹಾದಿತುಂಬ ಬಾಯಾಗ ಮಾತ ಜೋಡಿಸಿಕೊಂಡಿದ್ದೆ. ಕಾಕು ಮಗಳ ಕೈಗೆ ಬೇವಿನ ಎಲಿ ಅರದು ಹಚ್ಚಾಕತ್ತಿದ್ಳು. ನನ್ನ ಕಂಡು, ಬೈತಾಳ ಅಂದ್ರ ಬೈಲಿಲ್ಲ. "ಬರ್ರಿ" ಅಂದು ಚಾಪಿ ಹಾಸಿದ್ಳು.

"ಯಾದಿಯೊಳಗ ಅವರ ಹೆಸರ ತಿದ್ದಿದ್ರೇನ್ರಿ?" ಅಂದ್ಳು.

"ಇನ್ನೂ ಇಲ್ಲ ಕಾಕು. ಮ್ಯಾಲಿನವರಿಗೆ ಹೇಳಬೇಕು. ಮುಂದಿನ ಯಾದಿ ಆಗೂಮುಂದ ನೋಡೂಣಂತ."

ಹ್ಞೂ ಅಂದು ಎದ್ದು ಒಳಗ ಹೋದ್ಳು. ತಂಬಗಿ ತಂದು ಮುಂದ ಇಟ್ಟಳು, ಮಗ್ಗಲಕ್ಕ ಬೆಲ್ಲದ ಹೆಂಟಿ. ಮನಿಗೆ ಬಂದಾವರಿಗೆ ಕೊಡೂವಂಗನ. ತಂಬಗಿ ಎತ್ತಿದೆ. ಬಾವಿ ನೀರು. ಅವತ್ತ ಭಟ್ಟಿಯೊಳಗ ಕೆಂಪ ಹಾಕಿದ್ರು ಕಾಣಸ್ತೈತಿ. ಅದ ಸತ್ತ ಇಲಿ ನಾತ. ತುಟಿತನಕ ಒಯ್ದು ಇಳಿಸಿದೆ.

"ಹೇಸಿಗಿ ಬರತೈತೇನ್ರಿ ಮಾಸ್ತರ?" ಅಂದ್ಳು. ದನಿಯೊಳಗ ಸಿಟ್ಟ ಇರಲಿಲ್ಲ. "ಮದಿವ್ಯಾದಾಗಿಂದ ನಾ ನುಂಗಿ ಇಟ್ಟುಕೊಂಡಿದ್ದ ಹೆಸರ ಅವತ್ತ ಅಷ್ಟು ಗಂಡಸೂರ ಮುಂದ ಉಗುಳಿ ಬಂದೆ. ನಿಮಗ ಒಂದ ಗುಟುಕ ನುಂಗಾಕ ಆಗವಲ್ದು?"

ಮಗಳು ಎಲಿ ಹಚ್ಚಿದ ಕೈ ಎರಡೂ ಮುಂದ ಹಿಡಕೊಂಡು ನನ್ನ ನೋಡಾಕತ್ತಿತ್ತು. ತಪ್ಪಾತು ಅನ್ನೂ ಮಾತ ಬಾಯಿಗೆ ಬರಲಿಲ್ಲ. ನೀರೂ ಕುಡೀಲಿಲ್ಲ. ತಂಬಗಿ ಅಲ್ಲೇ ಇಟ್ಟು, ಬೆಲ್ಲದ ಹೆಂಟಿ ಬಾಯಾಗ ಹಾಕ್ಕೊಂಡು ಎದ್ದು ಬಂದೆ.