ಕಾಲುಂಗುರದ ಕೆಳಗೆ

ಅರವತ್ತರ ದಶಕದಲ್ಲಿ ನಾನು ಹೆಬ್ಬಾಳದ ಒಂದು ಕೃಷಿ ಪ್ರಯೋಗಾಲಯದಲ್ಲಿದ್ದೆ. ರಾಗಿಯ ಬೇರು ರಂಜಕವನ್ನು ಎಷ್ಟು ಹೀರುತ್ತದೆಂದು ತಿಳಿಯಲು, ವಿಕಿರಣ ಸೂಸುವ ರಂಜಕವನ್ನು ನೀರಿನಲ್ಲಿ ಕರಗಿಸಿ ಕುಂಡಗಳಿಗೆ ಹಾಕುತ್ತಿದ್ದೆವು. ಆ ಕೋಣೆಗೆ ಯಾರೂ ಚಪ್ಪಲಿ ಹಾಕಿಕೊಂಡು ಬರುವಂತಿರಲಿಲ್ಲ. ತಕ್ಕಡಿಯ ಮೇಲೆ ಧೂಳು ಕೂರುತ್ತದೆಂದು ಮುಖ್ಯಸ್ಥರ ಕಟ್ಟಪ್ಪಣೆ. ದೇವರ ಮನೆಗೆ ಹೋಗುವವರಂತೆ ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದೆವು. ಅದರಲ್ಲಿ ಅಪಾಯವಿದೆಯೆಂದು ಆ ಮಧ್ಯಾಹ್ನದವರೆಗೂ ಯಾರಿಗೂ ಹೊಳೆದಿರಲಿಲ್ಲ.

ನನ್ನ ಸಹೋದ್ಯೋಗಿಯ ಕೈ ತಾಗಿ ಆ ರಂಜಕದ ನೀರಿನ ಸಣ್ಣ ಬಾಟಲಿ ಮಗುಚಿತು. ಒಂದೆರಡು ಚಮಚದಷ್ಟು ನೆಲಕ್ಕೆ ಚೆಲ್ಲಿತು.

"ಚೆಲ್ತು! ಯಾರೂ ಓಡಾಡ್ಬೇಡಿ!" ಎಂದು ಅವರು ಕೂಗಿದರು.

ನಾನು ಫ್ಯಾನು ಆರಿಸಿ, ಬಾಗಿಲು ಹಾಕಿ, ಬ್ಲಾಟಿಂಗ್ ಪೇಪರಿಗೆ ಕೈಚಾಚಿದೆ. ಅಷ್ಟರಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಬಕೆಟ್ಟಿನ ನೀರನ್ನು ಚೆಲ್ಲಿದ್ದರ ಮೇಲೆ ಸುರಿದುಬಿಟ್ಟಳು. ಆಸಿಡ್ ಬಿದ್ದಾಗ ಹಾಗೆ ಮಾಡೆಂದು ನಾವೇ ಹೇಳಿಕೊಟ್ಟಿದ್ದೆವು. ನೀರು ಹರಡಿ ಅವಳ ಪಾದಗಳನ್ನು ತೋಯಿಸಿತು.

ಅವಳು ಪಕ್ಕದ ಹಳ್ಳಿಯವಳು. ಮನೆಯಲ್ಲಿ ಅತ್ತೆಯ ಹತ್ತಿರ ಎಳೆಗೂಸು. ಸಂಜೆ ಹಾಲೂಡಿಸುವ ಹೊತ್ತಿಗೆ ಅವಳು ಹೊರಡಲೇಬೇಕು. ಆದರೆ ಅವಳ ಮೈಮೇಲೆ ಏನೂ ಉಳಿದಿಲ್ಲವೆಂದು ಗೊತ್ತಾಗದೆ ಬಿಡುವಂತಿರಲಿಲ್ಲ.

ಒಣ ನೆಲಕ್ಕೆ ಕರೆದು ಸ್ಟೂಲಿನ ಮೇಲೆ ಕೂರಿಸಿದೆವು. ಕೈಗೆ ರಬ್ಬರ್ ಗವಸು ಹಾಕಿಕೊಂಡು, ಉಗುರುಬೆಚ್ಚಗಿನ ನೀರಿನಲ್ಲಿ ಸೋಪು ಹಚ್ಚಿ ಅವಳ ಕಾಲನ್ನು ಮೆತ್ತಗೆ ತೊಳೆದೆ. ಗಟ್ಟಿಯಾಗಿ ಉಜ್ಜಿದರೆ ಚರ್ಮ ತರಚಿ ಒಳಕ್ಕಿಳಿಯುವ ಭಯ. ತೊಳೆದ ನೀರನ್ನು ಬೇಸಿನ್ನಿನಲ್ಲೇ ಹಿಡಿದಿಟ್ಟೆ. ಸಹೋದ್ಯೋಗಿ ವಿಕಿರಣ ಅಳೆಯುವ ಕೌಂಟರನ್ನು ಅವಳ ಕಾಲಿನ ಹತ್ತಿರ ಹಿಡಿದರು. ಅದು ಹಲ್ಲಿಯಂತೆ ಲೊಚಗುಟ್ಟಿತು.

"ನಮ್ಮನೆ ಗೋಡೆ ಮೇಲಿನ ಹಲ್ಲೀನೂ ಇಷ್ಟ್ ಮಾತಾಡಕಿಲ್ಲ ಕಣಮ್ಮ" ಎಂದಳು. ನಗಲು ನನ್ನಿಂದಾಗಲಿಲ್ಲ.

ಹಿಮ್ಮಡಿಯಲ್ಲಿ ಸದ್ದು ಇಳಿಯಿತು. ಪಾದದಲ್ಲೂ ಇಳಿಯಿತು. ಬಲಗಾಲಿನ ಎರಡನೆಯ ಬೆರಳಲ್ಲಿ ಮಾತ್ರ ಇಳಿಯಲಿಲ್ಲ. ಮತ್ತೆ ತೊಳೆದೆ, ಮತ್ತೆ ಅಷ್ಟೇ ಸದ್ದು. ಎಡಗಾಲಿನದು ಹಿಂದೆಯೇ ಸವೆದು ಮುರಿದಿತ್ತಂತೆ; ಉಳಿದಿದ್ದ ಈ ಒಂದೇ ಕಾಲುಂಗುರದ ಕೆಳಗೆ ನೀರು ಸೇರಿಕೊಂಡಿತ್ತು.

"ಉಂಗುರ ತೆಗೀಬೇಕು ಕಣಮ್ಮ" ಎಂದೆ.

"ಅದೊಂದು ಆಗಕಿಲ್ಲ. ಗಂಡ ಬದುಕವ್ನೆ. ಯಶವಂತಪುರದಾಗೆ ಮೂಟೆ ಒರ್ತಾವ್ನೆ. ಅವನ್ಗೇನಾರ ಆದ್ರೆ ನೀವ್ ಬರ್ತೀರಾ?"

ಮುಖ್ಯಸ್ಥರು ಕಿಟಕಿಯ ಹೊರಗಿನಿಂದ, "ಕತ್ತರಿಸಿ ತೆಗೀರಿ" ಎಂದರು. ಅವಳು ಕಾಲನ್ನು ಎಳೆದುಕೊಂಡು ಸೀರೆಯ ಕೆಳಗೆ ಮುದುರಿಕೊಳ್ಳಹೋದಳು. ಸೀರೆಗೆ ತಾಗದಂತೆ ಹಿಡಿದುಕೊಂಡೆ.

"ಮಗೀಗೆ ತಗಲ್ತದಾ?" ಎಂದು ಕೇಳಿದಳು.

"ತಗಲೋದು ಕಮ್ಮಿ. ಇಲ್ಲವೇ ಇಲ್ಲ ಅನ್ನೋಕೆ ನನ್ಗಾಗಲ್ಲ."

ಅವಳು ಬಗ್ಗಿ ಉಂಗುರವನ್ನು ನೋಡಿಕೊಂಡಳು. ಆಮೇಲೆ, "ಅರಿಸಿನದ ದಾರ ಕಟ್ಟಿ. ಆಮ್ಯಾಕೆ ತಗೀರಿ" ಎಂದಳು.

ಕುಂಡಗಳಿಗೆ ಚೀಟಿ ಕಟ್ಟುವ ದಾರವಿತ್ತು. ಕ್ಯಾಂಟೀನಿನವರು ಕಿಟಕಿಯಲ್ಲಿ ಅರಿಸಿನ ಕೊಟ್ಟರು. ತೊಳೆದು ಪರೀಕ್ಷಿಸಿದ್ದ ಎಡಗಾಲಿನ ಬೆರಳಿಗೆ ದಾರ ಸುತ್ತಿದೆ. ಅದು ಬಿಗಿಯಾಗಿದೆಯೇ ಎಂದು ನೋಡಿಕೊಂಡ ಮೇಲೆಯೇ ಅವಳು ಬಲಗಾಲನ್ನು ಮುಂದೆ ಚಾಚಿದಳು. ಸೋಪಿನ ನೊರೆಯಲ್ಲಿ ಉಂಗುರ ಜಾರಿ ಬಂತು. ಅದನ್ನು ಬಾಟಲಿಗೆ ಹಾಕಿ, ವಿಕಿರಣ ಕುಂದುವವರೆಗೆ ಇಡಲು ದಪ್ಪ ಮರದ ಪೆಟ್ಟಿಗೆಯೊಳಗೆ ಸೇರಿಸಿದೆವು. ಬೆರಳನ್ನು ಮತ್ತೊಮ್ಮೆ ತೊಳೆದೆ. ಕೌಂಟರ್ ಬರಿ ಗಾಳಿಯಲ್ಲಿ ಮಾಡುವಷ್ಟೇ ಸದ್ದು ಮಾಡಿತು.

"ಇನ್ನೊಂದ್ ಕಿತ ಇಡಿ" ಎಂದಳು. ಇಟ್ಟೆವು. ಕೈ, ಮೊಣಕಾಲು, ಸೀರೆಯ ಅಂಚು, ಎಲ್ಲಕ್ಕೂ ಇಟ್ಟೆವು. ಅಂಚು ತೋಯ್ದಿದ್ದರಿಂದ ಆ ಸೀರೆ ಅಲ್ಲೇ ಉಳಿಯಿತು. ಹಾಸ್ಟೆಲಿನಿಂದ ತರಿಸಿದ ನನ್ನ ಹಳೆಯ ಸೀರೆ ಉಟ್ಟು ಅವಳು ಹೊರಟಳು.

ಆಮೇಲೆ ನಾವಿಬ್ಬರೂ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಅಂಚಿನಿಂದ ನಡುವಿಗೆ ನೆಲ ಒರೆಸುತ್ತ ಬಂದೆವು. ಬೆನ್ನು ನೆಟ್ಟಗಾಗಲಿಲ್ಲ.

ಮರುದಿನ ಅವಳು ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ.

"ಅತ್ತೆ ದಾರ ನೋಡಿ ಬೈದ್ಲು" ಎಂದಳು. ನಾನು ಇನ್ನೂ ಕಾಯುತ್ತಿರುವುದನ್ನು ಕಂಡು ಸೇರಿಸಿದಳು: "ಮಗ ಕುಡೀತು ಕಣಮ್ಮ. ಕುಡಿದು ಮನಿಕ್ಕೊಂತು."