ಪೇಪರಿನಲ್ಲಿ ಪಕ್ಕದ ಲ್ಯಾಬಿನ ಮೆಹ್ತಾ

ಗೆಳೆಯರೇ, ಇವತ್ತು ನನ್ನ ಹೊಟ್ಟೆ ಉರಿದುಹೋಯಿತು. ಬೆಳಿಗ್ಗೆ ಹೊರರಾಜ್ಯದ ಈ ಊರಿನ ಅಲ್ಕಾಪುರಿ ಬಡಾವಣೆಯ ಉಡುಪಿ ಹೋಟೆಲಿಗೆ ಕಾಲಿಟ್ಟರೆ ಗಲ್ಲಾದಲ್ಲಿದ್ದ ಶೆಟ್ಟರು ಪೇಪರ್ ಎತ್ತಿ ತೋರಿಸಿದರು. "ನಿಮ್ಮ ಯೂನಿವರ್ಸಿಟಿಯವ್ರ್ ಫೋಟೊ ಬಂದಿತ್ತ್ ಕಾಣಿ ಮೇಡಂ!"

ನನ್ನ ಪಕ್ಕದ ಲ್ಯಾಬಿನ ಮೆಹ್ತಾ! ಕಾರ್ಖಾನೆಯ ಕೊಳಕು ನೀರನ್ನು ಶುದ್ಧ ಮಾಡುವ ಸಂಶೋಧನೆಯಂತೆ. ಆರು ವರ್ಷದಿಂದ ನಾನು ಮಾಡುತ್ತಿರುವುದೂ ಅದನ್ನೇ. ಈ ಸುದ್ದಿ ಬರೆದ ವರದಿಗಾರ ಮೊದಲು ಬಂದದ್ದೂ ನನ್ನ ಹತ್ತಿರವೇ. "ಪ್ರಬಂಧ ಅಚ್ಚಾಗಲಿ, ಆಮೇಲೆ ಬನ್ನಿ" ಎಂದು ಗತ್ತಿನಿಂದ ವಾಪಸ್ ಕಳಿಸಿದ್ದೆ.

ಮಧ್ಯಾಹ್ನ ಆ ವರದಿಗಾರನೇ ಫೋನ್ ಮಾಡಿದ. ಈಗಲಾದರೂ ನನ್ನ ಕೆಲಸದ ಬಗ್ಗೆ ಕೇಳುತ್ತಾನೆ ಅಂದುಕೊಂಡೆ.

"ಮೇಡಂ, ಮೆಹ್ತಾ ಸಾಹೇಬರ ಸಂಶೋಧನೆ ಬಗ್ಗೆ ಎರಡು ಮಾತು ಹೇಳ್ತೀರಾ?" ಎಂದು ಹಿಂದಿಯಲ್ಲಿ ಕೇಳಿದ.

"ಅದ್ಭುತ" ಎಂದೆ. ನನ್ನ ಹೆಸರಿನ ಸ್ಪೆಲಿಂಗನ್ನು ಮಾತ್ರ ಎರಡು ಸಲ ಹೇಳಿದೆ.